ಗರಾಜಿನಲ್ಲಿ ಫಸ್ಟ್ ಬಂದವರು

ಹಳೆಯ ವಿಡಿಯೋ ಗೇಮುಗಳ ಹುಚ್ಚಿರುವವರನ್ನು ಮದುವೆಯಾದರೆ ಮನೆಯಲ್ಲಿ ನಗುವಿಗೆ ಬರವಿಲ್ಲ, ಜಾಗಕ್ಕೆ ಮಾತ್ರ ಬರ. ನಮ್ಮವರು ವಾರವೆಲ್ಲ ಆಫೀಸಿನಲ್ಲಿ ಹೊಸ ಕಂಪ್ಯೂಟರುಗಳ ಜೊತೆ ಗುದ್ದಾಡಿ, ಶನಿವಾರ ಬಂತೆಂದರೆ ಜನ ಮನೆಯ ಹಳೆ ಸಾಮಾನು ಮಾರುವ ಗರಾಜ್ ಸೇಲ್‌ಗಳಲ್ಲಿ ಹಳೆಯ ಜಾಯ್‌ಸ್ಟಿಕ್ ಹುಡುಕಿಕೊಂಡು ಹೊರಡುತ್ತಾರೆ. ಅವರು ತಂದ ಒಂದೊಂದು ಸಾಮಾನಿನ ಹಿಂದೆಯೂ ಒಂದು ಫಜೀತಿ ಒಳಗೆ ಬರುತ್ತದೆ.

೧. ಮಂಗಳೂರು ಆಂಟಿಯ ಮೂಗು

ಆಗ ನಾವು ಸಿಡ್ನಿಯ ಟೂಂಗಾಬಿಯಲ್ಲಿ ಒಂದು ಯುನಿಟ್‌ನಲ್ಲಿ, ಅಂದರೆ ಫ್ಲ್ಯಾಟಿನಲ್ಲಿ, ಬಾಡಿಗೆಗಿದ್ದೆವು. ಹತ್ತಿರದ ಮೀನು-ಚಿಪ್ಸ್ ಅಂಗಡಿಯವನು ವ್ಯಾಪಾರ ಮುಚ್ಚುವಾಗ, ಮೂಲೆಯಲ್ಲಿದ್ದ ಕಾಸು ಹಾಕಿ ಆಡುವ ವಿಡಿಯೋ ಗೇಮ್ ಪೆಟ್ಟಿಗೆಯನ್ನು ನಮ್ಮವರಿಗೆ ದಾಟಿಸಿದ. ಬೀರುವಿನಷ್ಟು ಎತ್ತರ.

"ನೋಡೇ, ಸ್ಕ್ರೀನೂ ಒರಿಜಿನಲ್, ಬಟನ್ನೂ ಒರಿಜಿನಲ್!" ಎಂದು ಇವರು ಕುಣಿದರು.

ವಾಸನೆಯೂ ಒರಿಜಿನಲ್ಲೇ. ವರ್ಷಗಟ್ಟಲೆ ಮೀನು ಕರಿದ ಹೊಗೆ ಕುಡಿದಿದ್ದ ಪೆಟ್ಟಿಗೆ, ನಾವು ಹೀಟರ್ ಹಾಕಿದೊಡನೆ ಅದನ್ನೆಲ್ಲ ಹೊರಗೆ ಬಿಡತೊಡಗಿತು. ನಮ್ಮದು ಹಬ್ಬದ ದಿನ ಈರುಳ್ಳಿಯನ್ನೂ ಮುಟ್ಟದ ಮನೆ.

ಮೇಲಿನ ಮನೆಯ ಮಂಗಳೂರು ಆಂಟಿ ಬಾಗಿಲು ತಟ್ಟಿದರು. ಕೈಯಲ್ಲಿ ಬಟ್ಟಲು, ಮುಖದ ತುಂಬ ಸಂತೋಷ. "ನೀವು ಸಹ ಶುರು ಮಾಡಿದ್ದಾ? ನಮ್ಮ ಹತ್ರ ಹೇಳ್ಲಿಕ್ಕೆ ಎಂತ ನಾಚಿಕೆ ಮಾರಾಯ್ರೆ! ತಗೊಳ್ಳಿ, ಬಂಗುಡೆ ಮೀನಿನ ಸಾರು."

ನಾನು ಗಾಬರಿಯಿಂದ ಅವರನ್ನು ಎಳೆದುಕೊಂಡು ಹೋಗಿ ಪೆಟ್ಟಿಗೆ ತೋರಿಸಿದೆ. ಅವರು ಬಗ್ಗಿ, ಕಾಸು ಹಾಕುವ ಕಂಡಿಗೆ ಮೂಗಿಟ್ಟು, ಉದ್ದಕ್ಕೆ ಉಸಿರೆಳೆದರು.

"ಮೀನು ಒಳ್ಳೇದೇ ಇತ್ತು" ಎಂದರು. "ಎಣ್ಣೆ ಮಾತ್ರ ಬದಲಾಯಿಸ್ತಾ ಇರ್ಲಿಲ್ಲ."

೨. ಕುಂಕುಮದ ಬಟನ್

ಆಮೇಲೆ ಮೆಲ್ಬರ್ನಿಗೆ ಬಂದು, ಮಾರ್ಟ್‌ಗೇಜ್ ಹೊತ್ತುಕೊಂಡು ವೆರಿಬೀಯಲ್ಲಿ ಮನೆ ಕೊಂಡೆವು. ಪೆಟ್ಟಿಗೆಯೂ ಜೊತೆಗೆ ಬಂತು. ಹೊಸ ಮನೆಯ ಮೊದಲ ಆಯುಧಪೂಜೆಗೆ ಕಾರಿಗೆ, ಮಿಕ್ಸಿಗೆ, ಕಂಪ್ಯೂಟರಿಗೆ ಕುಂಕುಮ ಹಚ್ಚಿದೆ. ಇವರ ಆಯುಧಗಳನ್ನು ಬಿಡುವುದೇಕೆ ಎಂದು, ಟಿವಿಗೆ ಜೋಡಿಸಿ ಆಡುವ ಹಳೆಯ ಜಾಯ್‌ಸ್ಟಿಕ್‌ಗೂ ನೀರಲ್ಲಿ ಕಲಸಿದ ಕುಂಕುಮ ಧಾರಾಳವಾಗಿ ಇಟ್ಟೆ. ಶಾಸ್ತ್ರೋಕ್ತವಾಗಿ, ಸರಿಯಾಗಿ ಬಟನ್ ಮೇಲೇ.

ಮರುದಿನ ಹಾಲ್‌ನಿಂದ ಚೀರಾಟ. "ಏನೇ ಮಾಡಿದ್ದೀಯಾ? ಗುಂಡು ಹಾರಿಸೋ ಬಟನ್ ಒಳಗೇ ಅಂಟ್ಕೊಂಡಿದೆ!"

ತೆರೆಯ ಮೇಲೆ ಇವರ ಪುಟ್ಟ ವಿಮಾನ ಯಾರನ್ನೂ ಕೇಳದೆ ದಡದಡ ಗುಂಡು ಹಾರಿಸುತ್ತಿತ್ತು. ನನ್ನನ್ನು ಬೈಯುತ್ತಲೇ ಇವರು ವಿಮಾನವನ್ನು ಅತ್ತ ಇತ್ತ ಓಡಿಸಿದರು. ಬೈಗುಳ ಮೆಲ್ಲಗೆ ಕಡಿಮೆಯಾಗುತ್ತ ಬಂದು ನಿಂತೇಹೋಯಿತು. ಅಷ್ಟು ಸ್ಕೋರು ಅವರಿಗೆ ಜನ್ಮದಲ್ಲಿ ಬಂದಿರಲಿಲ್ಲ.

ಮರುವರ್ಷ ಹಬ್ಬದ ಬೆಳಿಗ್ಗೆ ನನಗಿಂತ ಮೊದಲೇ ಸ್ನಾನ ಮುಗಿಸಿ ನಿಂತಿದ್ದರು. "ಈ ಸಲ ಕುಂಕುಮ ಇನ್ನೂ ಸ್ವಲ್ಪ ಗಟ್ಟಿಯಾಗೇ ಕಲಸು."

೩. ಮಾವನವರ ತೀರ್ಪು

ನಗು ಏನೋ ಸರಿ. ಆದರೆ ಒಂದೇ ಕಾರು ಹಿಡಿಯುವ ಗರಾಜ್ ಪೆಟ್ಟಿಗೆಯ ಪಾಲಾಗಿ, ನನ್ನ ಕಾರು ಬೀದಿಗೆ ಬಿದ್ದಿತ್ತು. ಚಳಿಗಾಲದ ಬೆಳಿಗ್ಗೆ ಗಾಜಿನ ಮೇಲೆ ಕಟ್ಟಿದ ಹಿಮ ಕೆರೆದು ಕೆಲಸಕ್ಕೆ ಹೊರಡುವಷ್ಟರಲ್ಲಿ ಬೆರಳು ಮರಗಟ್ಟುತ್ತಿತ್ತು. "ಅದನ್ನ ಮಾರಿಬಿಡಿ" ಎಂದೆ.

ಇವರ ಮುಖ ಸಣ್ಣದಾಯಿತು. ಚಿಕ್ಕವರಿದ್ದಾಗ ದಾವಣಗೆರೆಯಲ್ಲಿ ಇಂಥದೇ ಪೆಟ್ಟಿಗೆಯ ಮುಂದೆ ಸರದಿ ಕಾಯುತ್ತಿದ್ದರಂತೆ. ಇನ್ನೇನು ತಮ್ಮ ಸರದಿ ಎನ್ನುವಾಗ ನಮ್ಮ ಮಾವನವರು ಬಂದು ಕಿವಿ ಹಿಡಿದು ಎಳೆದುಕೊಂಡು ಹೋದರಂತೆ. "ಆ ಸರದಿ ನನಗೆ ಈಗ ಸಿಕ್ಕಿದೆ ಕಣೇ" ಎಂದರು. ಪಾಪ ಅನ್ನಿಸಿತು. ಆದರೆ ಬೆರಳು ನನ್ನವು.

ಆ ಜೂನ್‌ನಲ್ಲಿ, ಇಲ್ಲಿಯ ಚಳಿಗಾಲದಲ್ಲೇ, ಅತ್ತೆ-ಮಾವ ಬರುವವರಿದ್ದರು. "ಮಾವ ಹೇಳಿದ ಹಾಗೆ ಮಾಡೋಣ" ಎಂದೆ. ಕಿವಿ ಹಿಡಿದವರು ನನ್ನ ಕಡೆಗೇ ಎಂದು ಗೊತ್ತಿತ್ತು.

ಅತ್ತೆ ಬಂದವರೇ ನನ್ನ ಕೈಗೆ ಕೋಡುಬಳೆ ತುಂಬಿದ ಸ್ಟೀಲ್ ಡಬ್ಬಿ ಕೊಟ್ಟರು. ಅದರ ಮೇಲೆ ಮಾವನವರ ಇನಿಷಿಯಲ್ ಕೆತ್ತಿಸಿತ್ತು: ಕೆ ಎಸ್ ಎನ್. ಮಾವ ಸೀದಾ ಗರಾಜಿಗೆ ಹೋಗಿ ಪೆಟ್ಟಿಗೆ ನೋಡಿದರು. "ಇನ್ನೂ ಬಿಟ್ಟಿಲ್ಲೇನೋ ಇದನ್ನ? ಬರೋ ಭಾನುವಾರದೊಳಗೆ ಮಾರು."

ಮಾವನವರಿಗೆ ಆನ್ ಆಗಿರುವ ಸ್ವಿಚ್ ಕಂಡರಾಗದು. ದಿನಾ ಸಂಜೆ ಮನೆಯೆಲ್ಲ ಸುತ್ತಿ ಒಂದೊಂದನ್ನೇ ಆಫ್ ಮಾಡುತ್ತಿದ್ದರು. ಪೆಟ್ಟಿಗೆಯದೂ ತಪ್ಪುತ್ತಿರಲಿಲ್ಲ. ಒಂದು ಸಂಜೆ ಫ್ರಿಜ್ಜಿನದೂ ತಪ್ಪಲಿಲ್ಲ. ಮಾರನೆಯ ದಿನವೆಲ್ಲ ನಾವು ಮಜ್ಜಿಗೆ ಹುಳಿಯನ್ನೇ ಉಂಡೆವು.

೪. ಕೆ ಎಸ್ ಎನ್

ಶನಿವಾರ ಮಧ್ಯಾಹ್ನ ಇವರು ಕೊನೆಯ ಸಲ ಆಡೋಣವೆಂದು ಗರಾಜಿಗೆ ಹೋದರು. ಮರುಕ್ಷಣವೇ ನನ್ನನ್ನು ಕೂಗಿದರು.

ಚುಕ್ಕಿಗಳನ್ನು ನುಂಗುತ್ತ ಓಣಿ ಓಣಿ ಓಡುವ ಆಟ ಅದು. ಗೆದ್ದವರಿಗೆ ಮೂರು ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು ಹಾಕಲು ಬಿಡುತ್ತದೆ. ಸ್ವಿಚ್ ಆಫ್ ಮಾಡಿದರೆ ಹೆಸರೆಲ್ಲ ಅಳಿಸಿಹೋಗುತ್ತದೆ. ಅಂದು ಬೆಳಿಗ್ಗೆ ಇವರು ಮಾಡಿದ್ದ ಸ್ಕೋರು ಎರಡನೆಯ ಸ್ಥಾನಕ್ಕೆ ಇಳಿದಿತ್ತು. ಅದರ ಮೇಲೆ ಹೊಳೆಯುತ್ತಿತ್ತು: ಕೆ ಎಸ್ ಎನ್.

ಇವರ ಕಣ್ಣಲ್ಲಿ ನೀರು. "ಅಪ್ಪ ಕದ್ದು ಆಡಿದ್ದಾರೆ ಕಣೇ!" ಓಡಿಹೋಗಿ ಮಾವನವರ ಮುಂದೆ ನಿಂತು, "ಅಪ್ಪಾ, ನನಗಿಂತ ಚೆನ್ನಾಗಿ ಆಡಿದ್ದೀರಿ" ಎಂದರು.

"ನಾನಾ? ಆ ಡಬ್ಬಾನಾ? ತಲೆ ಕೆಟ್ಟೈತೇನೋ?"

ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ನಾನು ಕಣೋ ಆಡಿದ್ದು. ಬಟ್ಟೆ ಒಣಗಿಸೋಕೆ ಗರಾಜಿಗೆ ಹೋದಾಗ ದಿನಾ ಸ್ವಲ್ಪ ಆಡ್ತೀನಿ. ಚುಕ್ಕಿ ಒಂದೂ ಬಿಡದ ಹಾಗೆ ಸುತ್ತಿ ಬರೋದು, ರಂಗೋಲಿ ಇದ್ದಂಗೇ ಐತಿ."

"ಮತ್ತೆ ಅಪ್ಪನ ಹೆಸರು?"

"ಅದು ಹೆಸರು ಕೇಳ್ತು. ಪಾತ್ರೆ ಅಂಗಡಿಯವನು ಕೇಳಲ್ವೇನು, ಹಂಗೆ. ನಮ್ಮನೇಲಿ ಯಾವುದರ ಮೇಲಾದ್ರೂ ಬೇರೆ ಹೆಸರು ಹಾಕಿಸಿದ್ದೀನಾ?"

ನಾನು ಶೆಲ್ಫ್ ಮೇಲಿದ್ದ ಡಬ್ಬಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಾವ ನಗಲಿಲ್ಲ. ಎದ್ದು ಗರಾಜಿಗೆ ಹೋಗಿ, ಕನ್ನಡಕ ಒರೆಸಿಕೊಂಡು, ತಮ್ಮ ಹೆಸರನ್ನು ಬಹಳ ಹೊತ್ತು ನೋಡಿದರು. "ನನ್ನ ಕೆಳಗಿರೋನು ಯಾರು?" ಎಂದು ಕೇಳಿದರು. "ನಾನಪ್ಪಾ" ಎಂದರು ಇವರು.

ಆ ಸಂಜೆ ಮಾವ ಎಂದಿನಂತೆ ಮನೆ ಸುತ್ತಿ ಎಲ್ಲ ಸ್ವಿಚ್ ಆಫ್ ಮಾಡಿದರು. ಪೆಟ್ಟಿಗೆಯ ಸ್ವಿಚ್ ಮೇಲೆ ಮಾತ್ರ, ಯಾರೂ ಮುಟ್ಟದ ಹಾಗೆ ಟೇಪ್ ಅಂಟಿಸಿದರು. ಭಾನುವಾರ ಮಾರುವ ಮಾತೇ ಬರಲಿಲ್ಲ. ಸೋಮವಾರ ನಾನು ಕೆಲಸಕ್ಕೆ ಹೊರಟಾಗ ಕಾರಿನ ಗಾಜು ಫಳಫಳ ಹೊಳೆಯುತ್ತಿತ್ತು. ಪಕ್ಕದಲ್ಲಿ ಮಂಕಿ ಟೋಪಿ ಹಾಕಿಕೊಂಡು, ಚೊಂಬು ಹಿಡಿದು ಮಾವ ನಿಂತಿದ್ದರು. "ದಿನಾ ನಾನೇ ತೊಳೀತೀನಮ್ಮ. ಆ ಪೆಟ್ಟಿಗೆ ಅಲ್ಲೇ ಇರಲಿ." ನಾನು ಒಪ್ಪಿದೆ. ಅವರು ಊರಿಗೆ ಹೊರಡುವಾಗ ಆ ಚೊಂಬನ್ನು ಮಗನ ಕೈಗೆ ಕೊಟ್ಟು ಹೋಗಬೇಕೆಂದು ಮಾತ್ರ ಹೇಳಿದೆ.

ಮನೆಯೊಳಗೆ ಮರೆತಿದ್ದ ಬ್ಯಾಗ್ ತರಲು ಹಿಂದಿರುಗಿದೆ. ಅಷ್ಟರಲ್ಲಿ ಮಾವ, ಅಲ್ಲಿ ಇನ್ನೂ ಕೋಳಿ ಕೂಗದ ಹೊತ್ತು ಎಂಬುದನ್ನೂ ನೋಡದೆ, ದಾವಣಗೆರೆಯ ಗೆಳೆಯರೊಬ್ಬರಿಗೆ ಫೋನ್ ಹಚ್ಚಿದ್ದರು.

"ಹೂಂ ಕಣಯ್ಯಾ, ಆಸ್ಟ್ರೇಲಿಯಾದಾಗೆ ಫಸ್ಟ್ ಬಂದೀನಿ… ಯಾವುದರಾಗಾ? ಅದೆಲ್ಲ ಇರಲಿ ಬಿಡು. ಸೆಕೆಂಡ್ ಬಂದೋನು ಯಾರು ಗೊತ್ತೇನು? ನನ್ನ ಮಗ. ಕಂಪ್ಯೂಟರ್ ಇಂಜಿನಿಯರು!"