ಭೂಮ್ತಾಯಿ ಉಂಡ ಆಲ್ಬಂ

ಗೊತ್ತಿಲ್ಲದ್ದನ್ನು ಗಟ್ಟಿಯಾಗಿ ಹೇಳುವುದಕ್ಕೆ ಮೇಷ್ಟ್ರುಗಿರಿ ಅಂತ ಹೆಸರು. ಆ ವಿದ್ಯೆಯಲ್ಲಿ ನಾನು ಯಾರಿಗೂ ಕಡಿಮೆಯಿರಲಿಲ್ಲ. ಕೋಲಾರದ ಕಡೆಯವನು, ಎಲೆಗಳಲ್ಲಿ ನನಗೆ ಗೊತ್ತಿದ್ದದ್ದು ಎರಡೇ, ಊಟದ್ದು ಮತ್ತು ವೀಳ್ಯದ್ದು. ಅಂಥವನನ್ನು ಅರವತ್ತರ ದಶಕದಲ್ಲಿ ಹೊಸನಗರದ ಹತ್ತಿರದ ಹಳ್ಳಿ ಶಾಲೆಗೆ ಹಾಕಿ, ನಿಸರ್ಗ ಪಾಠ ಹೇಳು ಅಂದರು. ಟ್ರೇನಿಂಗಿನಲ್ಲಿ ಯಾವ ದೇಶದ ಪುಸ್ತಕ ನೋಡಿ ಬರೆಸಿದ್ದರೋ, "ಶರದೃತುವಿನಲ್ಲಿ ಮರಗಳು ಎಲೆ ಉದುರಿಸುತ್ತವೆ" ಅಂತ ನೋಟ್ಸ್ ಓದಿದೆ. ಮಕ್ಕಳು ಕಿಟಕಿಯಾಚೆ ನೋಡಿದರು. ಗುಡ್ಡವೆಲ್ಲ ಹಚ್ಚಗಿತ್ತು. "ಎಲ್ಲಿ ಸಾ? ಈಗ ಭತ್ತ ಬಸ್ರಾಗೋ ಕಾಲ" ಅಂದಳು ನಾಲ್ಕನೇ ಕ್ಲಾಸಿನ ಗೌರಿ. "ಪರೀಕ್ಷೆಗೆ ಉದುರುತ್ತೆ ಅಂತಲೇ ಬರಿ, ಕೂತ್ಕೋ" ಅಂದೆ.

ಅಷ್ಟರಲ್ಲಿ ಇನ್ಸ್‌ಪೆಕ್ಟರು ಸೋಮವಾರ ಬರುತ್ತಾರೆಂದು ಕಾಗದ ಬಂತು. ಅವರ ವರದಿ ಚೆನ್ನಾಗಿದ್ದರೆ ನೌಕರಿ ಖಾಯಂ, ಇಲ್ಲದಿದ್ದರೆ ಟ್ರಂಕು ಹೊತ್ತು ಊರಿಗೆ. ಊರಲ್ಲಿ ಅಪ್ಪ ಈ ನೌಕರಿ ನಂಬಿಕೊಂಡು ತಂಗಿಗೆ ಗಂಡು ನೋಡುತ್ತಿದ್ದ. ಕೊನೆಗೆ ಒಂದು ಉಪಾಯ ಹೊಳೆಯಿತು: ಎಲೆಗಳ ಆಲ್ಬಂ! ಶನಿವಾರ ಮಕ್ಕಳು ಗುಡ್ಡ, ಗದ್ದೆಬದು ಎಲ್ಲ ಸುತ್ತಿ ಐವತ್ತು ಬಗೆ ಕುಡಿ ತಂದರು. ನನ್ನ ಪಾಲಿನದೂ ಇರಲೆಂದು ಮಿರಮಿರ ಮಿಂಚುವ ಒಂದು ಎಲೆ ನಾನೇ ಕುಯ್ದೆ. ಬುಟ್ಟಿಯನ್ನು ನಾನು ಬಾಡಿಗೆಗಿದ್ದ ಮನೆ ಜಗಲಿಯಲ್ಲಿಟ್ಟು, ಅಂಟು, ಹಾಳೆ ತರಲು ಹೊಸನಗರಕ್ಕೆ ಹೋದೆ. ಬಸ್ಸು ತಪ್ಪಿತು. ಭಾನುವಾರ ಮಧ್ಯಾಹ್ನ ವಾಪಸ್ಸು ಬಂದರೆ ಬುಟ್ಟಿ ಖಾಲಿ! ತಳದಲ್ಲಿ ನಾನು ಕುಯ್ದ ಎಲೆ ಒಂದೇ ಬಿದ್ದಿತ್ತು.

"ಬಂದ್ರಾ ಮೇಷ್ಟ್ರೇ?" ಅಂತ ಮನೆ ಒಡತಿ ದ್ಯಾವಮ್ಮ ಒಳಗಿಂದ ಬಂದಳು. ಮುಖವೆಲ್ಲ ಸಂತೋಷ. "ಇವತ್ತು ಭೂಮಿ ಹುಣ್ಣಿಮೆ ಅಲ್ವಾ? ಬಸ್ರಿ ಭೂಮ್ತಾಯಿಗೆ ಬಯಕೆ ಅಡಿಗೆಗೆ ನೂರೊಂದು ಕುಡಿ ಬೇಕು. ಮೊಣಕಾಲು ನೋವು, ಗುಡ್ಡ ಹತ್ತೋದು ಹ್ಯಾಂಗೆ ಅಂತ ಅಳ್ತಾ ಕೂತಿದ್ದೆ. ಬಯಲುಸೀಮೆಯೋರಾದ್ರೂ ನೀವು ತಂದಿಟ್ಟು ಹೋಗಿದೀರಿ! ಎಲ್ಲಾ ಬೇಯ್ಸಿ ಬೆಳಿಗ್ಗೆ ಗದ್ದೆಗೆ ಬೀರಿ ಬಂದ್ವಿ." ನನಗಾಗಿ ತೆಗೆದಿಟ್ಟ ಕಡುಬು ಕೈಗಿಟ್ಟಳು. ನನ್ನ ಆಲ್ಬಂ ಹೋಯಿತು, ಆದರೆ ಆ ಮುಖ ನೋಡಿ ಬಯ್ಯುವುದು ಹೇಗೆ? ಕಡುಬು ತಿಂದೆ. ಚೆನ್ನಾಗಿಯೇ ಇತ್ತು.

ಸೋಮವಾರ ಇನ್ಸ್‌ಪೆಕ್ಟರು ಕೇಳಿದ ಮೊದಲ ಪ್ರಶ್ನೆ, "ನಿಸರ್ಗ ಪಾಠಕ್ಕೆ ಏನು ಮಾಡಿಸಿದ್ದೀರಿ?" "ಆಲ್ಬಂ ಸಾರ್, ಗೆದ್ದಲು..." ಅನ್ನುವಷ್ಟರಲ್ಲಿ ಗೌರಿ ಎದ್ದು ನಿಂತಳು. "ಗೆದ್ದಲಲ್ಲ ಸಾ, ಭೂಮ್ತಾಯಿ ಉಂಡ್ಲು!" ನನ್ನ ಟ್ರಂಕು ಕಣ್ಣ ಮುಂದೆ ಬಂತು. ಇನ್ಸ್‌ಪೆಕ್ಟರು ತೀರ್ಥಹಳ್ಳಿ ಕಡೆಯವರು, ಈ ಹಬ್ಬ ಬಲ್ಲವರು; ನಕ್ಕುಬಿಟ್ಟರು. "ಏನೇನು ಉಂಡ್ಲು, ಹೇಳ್ರೋ?" ಮಕ್ಕಳು ಶುರುಮಾಡಿದವು ನೋಡಿ! ಚಗಟೆ, ಕೆಸ, ಒಂದೆಲಗ, ಹೊನಗೊನ್ನೆ... ಯಾವುದು ಬದುವಿನದು, ಯಾವುದು ಕೆಮ್ಮಿಗೆ ಒಳ್ಳೆಯದು, ಯಾವುದು ಮಳೆ ನಿಂತ ಮೇಲೆ ಚಿಗುರುತ್ತೆ, ಎಲ್ಲ. ಅವರು ತಲೆದೂಗಿ, ಉಳಿದದ್ದು ಅದೊಂದೇ ಅಂತ ನಾನು ಮೇಜಿನ ಮೇಲೆ ತಂದಿಟ್ಟಿದ್ದ ನನ್ನ ಎಲೆ ಎತ್ತಿ ನನ್ನನ್ನೇ ಕೇಳಿದರು: "ಇದು?" ನಾನು ಗಟ್ಟಿಯಾಗಿ "ಔಷಧಿ ಗಿಡ ಸಾರ್" ಅಂದೆ. ಇಡೀ ಕ್ಲಾಸು ಕಿರುಚಿತು: "ಕಾಸರಕ ಸಾ! ತಿಂದ್ರೆ ಸತ್ತೋಗ್ತಾರೆ!"

ನೌಕರಿ ಖಾಯಂ ಆಯಿತು; ಮಕ್ಕಳ ಪುಣ್ಯ. ಮುಂದಿನ ವರ್ಷ ಹುಣ್ಣಿಮೆಗೆ ಕುಡಿ ತರಲು ದ್ಯಾವಮ್ಮ ಮಕ್ಕಳನ್ನೆಲ್ಲ ಗುಡ್ಡಕ್ಕೆ ಕಳಿಸಿದಳು. ನಾನೂ ಉತ್ಸಾಹದಿಂದ ಹೊರಟೆ. ಬಾಗಿಲಲ್ಲೇ ತಡೆದು, ಖಾಲಿ ಬುಟ್ಟಿಯನ್ನು ನನ್ನ ತಲೆ ಮೇಲಿಟ್ಟಳು. "ನೀವು ಹೊತ್ಕಂಡ್ ಬನ್ನಿ, ಸಾಕು. ಕುಯ್ಯೋದು ಮಾತ್ರ ಬ್ಯಾಡ ಮೇಷ್ಟ್ರೇ, ಬಸ್ರಿ ಹೆಂಗ್ಸು ಭೂಮ್ತಾಯಿ."