ಭಜ್ಜಿ ಗಡಿಗೆ ಯಾರ ತೊಡೆಯ ಮೇಲೆ?

ಎಳ್ಳಮಾವಾಸ್ಯೆಯ ಬಂಡಿಯಲ್ಲಿ ಯಾರು ಕೂರಬೇಕು ಎಂದು ತೀರ್ಮಾನಿಸುವುದು ಅಂಥ ದೊಡ್ಡ ವಿದ್ಯೆಯಲ್ಲ ಎಂದು ತಿಳಿದಿದ್ದೆ. ಮಣ್ಣೂರಿನ ನಮ್ಮ ಮನೆಗೆ ಆಗಷ್ಟೇ ರೇಡಿಯೋ ಬಂದಿತ್ತು. ವಯಸ್ಸಾದವರಿಗೆ ವಿಶ್ರಾಂತಿ ಕೊಡಿ, ಎಳೆಯರನ್ನು ಬಿಸಿಲಿಗೆ ಬಿಡಬೇಡಿ ಎಂದು ಯಾರೋ ಮಹನೀಯರು ಅದರಲ್ಲಿ ಹೇಳಿದ್ದರು. ಎರಡನ್ನೂ ನಾನು ಒಂದೇ ದಿನ ಜಾರಿಗೆ ತಂದೆ!

ಅಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬುತ್ತಿಯ ಅಡುಗೆಯನ್ನು ಹೊಲದ ತುಂಬ ಎರಚಿ ಭೂಮಿತಾಯಿಗೆ ಚರಗ ಚೆಲ್ಲಿ, ಎಲ್ಲರೂ ಕೂತು ಉಣ್ಣುವ ಹಬ್ಬ. ನಮ್ಮತ್ತೆ ಗೌರವ್ವ ನಸುಕಿನಲ್ಲೇ ಇಳಕಲ್ ಸೀರೆ ಉಟ್ಟು, ನನ್ನ ಮೈದುನನ ಮಗಳು ಆರು ವರ್ಷದ ಮಾದೇವಿಗೆ ಜಡೆ ಹಾಕಿ ಕಟ್ಟೆಯ ಮೇಲೆ ಕೂತಿದ್ದರು. ಅತ್ತೆಗೆ ಬಂಡಿಯ ಕುಲುಕಾಟ ತಡೆಯದು, ಹುಡುಗಿಗೆ ಬಿಸಿಲು ತಡೆಯದು, ಇಬ್ಬರೂ ಮನೆಯಲ್ಲೇ ಇರಲಿ ಎಂದು ನಾನು ಅತ್ಯಂತ ಗೌರವಪೂರ್ವಕವಾಗಿ ಘೋಷಿಸಿದೆ.

ಅತ್ತೆ ಜಗಳವಾಡಲಿಲ್ಲ. “ಹೊಲದ ಮಾರಿ ನೋಡೂದು ನನಗ ವರ್ಷಕ್ಕ ಇದೊಂದ ದಿನ ಆಗ್ಯದ. ಇರ್ಲಿ ಬಿಡವಾ. ಭಜ್ಜಿ ಗಡಗಿ ಯಾರ್ ಹಿಡೀತಾರ?” ಎಂದಷ್ಟೇ ಕೇಳಿದರು.

ಸೊಪ್ಪು, ಕಾಳು, ತರಕಾರಿ ಎಲ್ಲ ಕೂಡಿಸಿ ಬೇಯಿಸಿದ ಭಜ್ಜಿಯ ಗಡಿಗೆ ಪ್ರತಿವರ್ಷ ಅವರ ತೊಡೆಯ ಮೇಲೇ ಕೂತು ಹೋಗುತ್ತಿತ್ತು. ಈ ಸಲ ನಾನು ಅದನ್ನು ಬಂಡಿಯ ಗೂಟಕ್ಕೆ ಹಗ್ಗದಿಂದ ಬಿಗಿದಿದ್ದೆ. ಹಳ್ಳ ದಾಟುವಾಗ ಬಂಡಿ ಎತ್ತಿ ಹಾಕಿತು. ನಾನು ಕಟ್ಟಿದ ಗಂಟು ಒಂದಿಷ್ಟೂ ಸಡಿಲಲಿಲ್ಲ. ಗಡಿಗೆ ಮಾತ್ರ ಒಡೆಯಿತು! ಭಜ್ಜಿ ನನ್ನ ಹೊಸ ಸೀರೆಯ ಮೇಲೆ. ಬೆಚ್ಚಿ ಜಿಗಿದವಳಿಗೆ ಸೊಂಟ ಹಿಡಿದುಕೊಂಡಿತು.

ಯಜಮಾನರು ಎತ್ತು ನಿಲ್ಲಿಸಿ ತಿರುಗಿ ನೋಡಿದರು. “ಈಗ ಭೂಮ್ತಾಯಿಗಿ ನಿನ್ ಹಗ್ಗ ಚೆಲ್ಲೂದೇನು?”

ಬಂಡಿ ಮನೆಯತ್ತ ತಿರುಗಿತು.

ಅಂಗಳದಲ್ಲಿ ನಮಗೊಂದೇ ಒಂದು ಬದನೆ ಗಿಡವಿತ್ತು. ಅದರ ಸುತ್ತ ಅತ್ತೆ ಸಜ್ಜೆ ರೊಟ್ಟಿಯ ಚೂರು ಚೆಲ್ಲುತ್ತ ಸುತ್ತುತ್ತಿದ್ದರು. ಹಿಂದೆ ಮಾದೇವಿ ಚಂಬಿನಿಂದ ನೀರು ಚಿಮುಕಿಸುತ್ತಿದ್ದಳು. ಹೊಲದಲ್ಲಿ ಮಾಡಬೇಕಾದ್ದನ್ನೆಲ್ಲ ಇಬ್ಬರೂ ಬಹಳ ಶ್ರದ್ಧೆಯಿಂದ ಆ ಗಿಡಕ್ಕೇ ಮಾಡುತ್ತಿದ್ದರು. ಅತ್ತೆ ಇಳಕಲ್ ಸೀರೆ ಇನ್ನೂ ಬಿಚ್ಚಿರಲಿಲ್ಲ. ನನಗೆ ಸೊಂಟಕ್ಕಿಂತ ಬೇರೆಲ್ಲೋ ಹಿಡಿದುಕೊಂಡಂತಾಯಿತು.

“ಅತ್ತಿ, ನೀವೂ ಬರ್ರಿ,” ಎಂದೆ.

“ಬಂಡಿ ಕುಲುಕ್ತದಲ್ಲವಾ?” ಎಂದರು ಅತ್ತೆ. ಅಷ್ಟರಲ್ಲಿ ಅವರ ಒಂದು ಕಾಲು ಬಂಡಿಯ ಮೇಲಿತ್ತು!

ನೆರೆಯವರಿಗೆಂದು ತೆಗೆದಿಟ್ಟ ಭಜ್ಜಿ ಇನ್ನೊಂದು ಗಡಿಗೆಯಲ್ಲಿ ಅವರ ತೊಡೆ ಏರಿತು. ಹಳ್ಳದಲ್ಲಿ ಬಂಡಿ ಮತ್ತೆ ಎತ್ತಿ ಹಾಕಿದಾಗ ಅವರ ಒಂದು ಕೈ ಗಡಿಗೆಯ ಮೇಲಿತ್ತು. ಇನ್ನೊಂದು ನನ್ನ ಸೊಂಟಕ್ಕೆ ಆಸರೆಯಾಗಿತ್ತು. ನಾನು ನರಳುವುದನ್ನೇ ನೋಡುತ್ತಿದ್ದ ಮಾದೇವಿ ಅಜ್ಜಿಗೆ ಹೇಳಿದಳು: “ಆಯಿ, ಬರೂ ವರ್ಷ ದೊಡ್ಡವ್ವ ಮನ್ಯಾಗ ಇರ್ಲಿ. ಪಾಪ, ವಯಸ್ಸಾಗ್ಯದ.”

“ನೋಡೂಣು,” ಎಂದರು ಅತ್ತೆ, ಗಂಭೀರವಾಗಿ.

ಮರುವರ್ಷ ಎಲ್ಲರಿಗಿಂತ ಮೊದಲು ಬಂಡಿ ಏರಿ ಕೂತವಳು ನಾನು. ನನ್ನ ತೊಡೆಯ ಮೇಲೂ ಏನಾದರೂ ಇಡಿರೆಂದು ಕೇಳಿಕೊಂಡೆ. ಅಜ್ಜಿ ಮೊಮ್ಮಗಳು ಸಮಾಲೋಚಿಸಿ ಒಂದು ಚಂಬು ಕೊಟ್ಟರು.

ಖಾಲಿ ಚಂಬು.