ಸೀವರ್ಟನ ಚಿನ್ನದ ಗಡಿಯಾರ

ಆ ದಿನ ಬೆಳಿಗ್ಗೆ ಗಡಿಯಾರದಂಗಡಿಯವನು ಫೋನು ಮಾಡಿ ಒಂದು ಪ್ರಶ್ನೆ ಕೇಳದಿದ್ದರೆ ಸೀವರ್ಟ್ ತನ್ನ ಪಾಡಿಗೆ ಸುಖವಾಗಿರುತ್ತಿದ್ದ. ಗಡಿಯಾರದ ಬೆನ್ನಿಗೆ ಯಾವ ಕಂಪನಿಯ ಹೆಸರು ಕೆತ್ತಬೇಕು ಎಂಬುದೇ ಆ ಪ್ರಶ್ನೆ.

ಸುಂಡ್ಸ್ವಾಲ್ ಊರಿನ ಆ ಕಂಪ್ಯೂಟರ್ ಕಂಪನಿಯಲ್ಲಿ ಇಪ್ಪತ್ತೈದು ವರ್ಷ ದುಡಿದವರಿಗೆ ಚಿನ್ನದ ಕೈಗಡಿಯಾರ ಕೊಡುವುದು ರೂಢಿ. ಸೀವರ್ಟನ ಅಪ್ಪ ಕಾಗದದ ಕಾರ್ಖಾನೆಯಲ್ಲಿ ಅಂಥದ್ದೊಂದನ್ನು ಪಡೆದು, ಸೌನಾ ಎಂಬ ಬಿಸಿಹಬೆಯ ಸ್ನಾನಕ್ಕೂ ಕಟ್ಟಿಕೊಂಡು ಹೋಗಿ ಕೈ ಸುಟ್ಟುಕೊಂಡಿದ್ದ. ಮಗನಿಗೂ ಅದೇ ಆಸೆ. ಮೂರು ಗಂಟೆಗೆ ಸಮಾರಂಭ. ಸೀವರ್ಟ್ ಬೆಳಿಗ್ಗೆಯೇ ಅಂಗಿಯ ಎಡತೋಳು ಮಡಚಿಕೊಂಡು ಬಂದಿದ್ದ.

ಇಷ್ಟು ವರ್ಷ ಅವನು ಕುರ್ಚಿ ಬದಲಿಸಿರಲಿಲ್ಲ. ಕಂಪನಿ ಮಾತ್ರ ಹೆಸರು ಬದಲಿಸುತ್ತಲೇ ಇತ್ತು. ಕಂಪ್ಯೂಟರಿಗೆ ತೂತು ಕಾರ್ಡು ತಿನ್ನಿಸುತ್ತಿದ್ದ ಕಾಲದಲ್ಲಿ ಅವನು ಸೇರಿದಾಗ ಅದು ಬ್ಯೋರ್ಕ್. ಆಮೇಲೆ ಎದುರು ಬೀದಿಯ ಕ್ವಿಸ್ಟ್ ಜೊತೆ ಸೇರಿ, ಯಾರ ಹೆಸರು ಮೊದಲು ಬರಬೇಕೆಂದು ಆರು ತಿಂಗಳು ಜಗಳವಾಡಿ, ಕ್ವಿಸ್ಟ್‌ಬ್ಯೋರ್ಕ್ ಆಯಿತು. ಹೋದ ವರ್ಷ ಸ್ಟಾಕ್‌ಹೋಮಿನವರು ಕೊಂಡುಕೊಂಡು ಲೋವೆನ್ಸಾ ಎಂದು ಹೆಸರಿಟ್ಟರು. ಅದರ ಅರ್ಥ ಇಟ್ಟವರಿಗೂ ಗೊತ್ತಿರಲಿಲ್ಲ.

ಬೆಳಗಿನ ಕಾಫಿಗೆ ಎಲ್ಲರೂ ಸೇರಿದಾಗ ಮ್ಯಾನೇಜರ್ ಗುನ್ವೋರ್ ಕೇಳಿದಳು, "ಸೀವರ್ಟ್, ಯಾವ ಹೆಸರು ಹಾಕ್ಸೋಣ?"

"ಯಾವುದಾದ್ರೂ ಹಾಕ್ಸು, ನಂಗೇನು?" ಎಂದುಬಿಟ್ಟ ಸೀವರ್ಟ್. ಆ ಆಫೀಸಿನಲ್ಲಿ ಆಡಬಾರದ ಮಾತೆಂದರೆ ಅದೊಂದೇ.

"ಯಾವುದಾದ್ರೂನಾ?" ಹಳೇ ಬ್ಯೋರ್ಕ್‌ನ ಯೆರ್ಕರ್ ದಾಲ್ಚಿನ್ನಿ ಬನ್ನು ಕೆಳಗಿಟ್ಟ. "ನಿನ್ಗೆ ಕೆಲಸ ಕೊಟ್ಟಿದ್ದು ಬ್ಯೋರ್ಕ್ ಕಣೋ!"

"ಮುಳುಗ್ತಿದ್ದ ಬ್ಯೋರ್ಕ್‌ನ ಕೊಂಡ್ಕೊಂಡು ಉಳಿಸಿದ್ದು ನಮ್ಮ ಕ್ವಿಸ್ಟ್," ಎಂದಳು ಮೈಬ್ರಿಟ್.

"ಕೊಂಡ್ಕೊಂಡಿದ್ದಾ? ಅದು ಮದ್ವೆ ಕಣೇ, ಮದ್ವೆ!"

"ಮದ್ವೆಯಾದ ಮೂರನೇ ದಿನಕ್ಕೇ ನಿಮ್ಮ ಬಾಸು ಮೇಜಿನ ಹೂವಿನ ಕುಂಡ ಎತ್ಕೊಂಡು, ಕೆಲಸ ಬಿಟ್ಟು ಮನೆಗೆ ಯಾಕೆ ಹೋದ ಮತ್ತೆ?"

ಸೀವರ್ಟನಿಗೆ ದಿಗಿಲಾಯಿತು. "ಹೆಸರೇ ಬೇಡ ಬಿಡ್ರಪ್ಪಾ, ಖಾಲಿ ಗಡಿಯಾರ ಕೊಡಿ ಸಾಕು."

"ಖಾಲಿ ಕೊಟ್ರೆ ಎಲ್ರಿಗೂ ಬೇಜಾರಾಗತ್ತೆ," ಎಂದು ಗುನ್ವೋರ್ ಸಭೆ ಕರೆದಳು.

ಅಲ್ಲಿ ಕೈಯೆತ್ತಿಸಿ ಮುಗಿಸುವ ಪದ್ಧತಿಯಿಲ್ಲ. ಕಟ್ಟಕಡೆಯವನ ಮುಖವೂ ಅರಳುವವರೆಗೆ ಕಾಫಿ ಕಾಯಿಸುತ್ತಲೇ ಇರಬೇಕು. ಹನ್ನೊಂದಕ್ಕೆ ಯೆರ್ಕರ್ ಹಳೇ ಫೋಟೋ ತಂದ, ಹನ್ನೆರಡಕ್ಕೆ ಮೈಬ್ರಿಟ್ ಅತ್ತಳು. ಸ್ಟಾಕ್‌ಹೋಮಿಗೆ ಫೋನು ಹೋಯಿತು. ಲೋವೆನ್ಸಾ ಇರಲೇಬೇಕೆಂದು ಉತ್ತರ ಬಂತು. ಒಂದು ಗಂಟೆಗೆ ಎಲ್ಲರೂ ಒಪ್ಪಿದರು: ನಾಲ್ಕೂ ಹೆಸರು ಬರಲಿ, ಇಸವಿಗಳ ಸಮೇತ.

ಗುನ್ವೋರ್ ಹೇಳಿದ್ದು ಕೇಳಿ ಗಡಿಯಾರದಂಗಡಿಯವನು ಫೋನಿನಲ್ಲೇ ನಕ್ಕ. "ಅಮ್ಮಾ, ಇಷ್ಟನ್ನ ಕೈಗಡಿಯಾರದ ಮೇಲೆ ಕೆತ್ತೋಕೆ ಇರುವೆನ ಕೂರಿಸ್ಬೇಕು. ಬೇಕಾದ್ರೆ ದೊಡ್ಡದೊಂದಿದೆ, ಕೊಡ್ಲಾ?"

ಇದು ಸೀವರ್ಟನ ಕಿವಿಗೆ ಬೀಳಲಿಲ್ಲ. ಅವನು ಬಚ್ಚಲಲ್ಲಿ ಮಣಿಕಟ್ಟು ತೊಳೆಯುತ್ತಿದ್ದ.

ಮೂರಕ್ಕೆ ಹಸಿರು ಕೇಕು ಬಂತು, ಹಾಡಾಯಿತು. ಸೀವರ್ಟ್ ಎಡಗೈ ಮುಂದೆ ಚಾಚಿದ. ಬಾಗಿಲು ತೆರೆದು ಇಬ್ಬರು ಏದುಸಿರು ಬಿಡುತ್ತಾ ಗಾಡಿಯ ಚಕ್ರದಷ್ಟಗಲದ, ಚಿನ್ನದ ಬಣ್ಣ ಬಳಿದ ಗೋಡೆ ಗಡಿಯಾರವನ್ನು ಹೊತ್ತು ತಂದರು. ಯೆರ್ಕರ್ ಮೈಬ್ರಿಟ್‌ಳನ್ನು ತಬ್ಬಿಕೊಂಡ. ಎರಡು ಕಂಪನಿ ಸೇರಿದ ಮೇಲಿನ ಹದಿನೈದು ವರ್ಷದಲ್ಲಿ ಇದೇ ಮೊದಲು.

ಸೀವರ್ಟ್ ಮೊದಲು ಬ್ಯೋರ್ಕ್ ಎಂದು ಓದಿದ, ಆಮೇಲೆ ಕ್ವಿಸ್ಟ್ ಎಂದು ಓದಿದ, ನಾಲ್ಕೂ ಹೆಸರು ಓದಿ ಗಡಿಯಾರದ ಸುತ್ತ ಮತ್ತೆ ಕಣ್ಣಾಡಿಸಿದ.

"ನನ್ನ ಹೆಸರು?"

"ಜಾಗ ಸಾಲಲಿಲ್ಲ ಕಣೋ," ಎಂದಳು ಗುನ್ವೋರ್. "ಆದ್ರೆ ನಿಂದೇ ಅಂತ ಎಲ್ರಿಗೂ ಗೊತ್ತಲ್ಲ!"

"ಹಾಗಾದ್ರೆ ಮನೆಗೆ ತಗೊಂಡು ಹೋಗ್ಲಾ?"

"ಮನೆಗಾ? ನಮ್ಮೆಲ್ಲರ ಚರಿತ್ರೆ ಇದೆ ಅದ್ರಲ್ಲಿ!"

ಗಡಿಯಾರ ಕಾಫಿ ಕೋಣೆಯ ಗೋಡೆಗೇರಿತು. ಸೀವರ್ಟ್ ಬರಿದಾದ ಮಣಿಕಟ್ಟು ಸವರಿಕೊಂಡು ಅಂಗಿಯ ತೋಳು ಇಳಿಸಿಕೊಂಡ. ಆದರೆ ಎಂದೂ ಮಾತಾಡದವರು ಪಕ್ಕಪಕ್ಕ ಕೂತು ನಗುತ್ತಿದ್ದರು, ಕೇಕಿನ ದೊಡ್ಡ ತುಂಡು ಅವನ ತಟ್ಟೆಗೇ ಬಿದ್ದಿತ್ತು. ಹೋಗಲಿ ಬಿಡು ಎಂದುಕೊಂಡು ಮೊದಲ ಚಮಚ ಬಾಯಿಗಿಡುವಷ್ಟರಲ್ಲಿ ಯೆರ್ಕರ್ ಕೂಗಿದ:

"ಸೀವರ್ಟ್, ನಿನ್ನ ಗಡಿಯಾರ ಐದು ನಿಮಿಷ ಹಿಂದಿದೆ ಕಣೋ. ಏಣಿ ತಗೊಂಡು ಬಾ!"